ಒಂದು ಹಲ್ಲಿಗೆ ಎರಡು ಎಳೆ

ಹೌಕಿಲಾ ಮನೆ, ಕುರ್ಕಿಓಯ
4 ಅಕ್ಟೋಬರ್ 1936

ಪ್ರೀತಿಯ ಅಮ್ಮ,

ಮದುವೆಯಾಗಿ ಆರು ವಾರವಾಯಿತು. ನಿನಗೆ ಎರಡು ಸಾಲಿನ ಕಾರ್ಡುಗಳನ್ನಷ್ಟೇ ಹಾಕಿದ್ದೇನೆ. ಕೋಣೆ ಒಂದು ರೂಪಕ್ಕೆ ಬರಲಿ, ಆಮೇಲೆ ಸರಿಯಾಗಿ ಬರೆಯೋಣ ಎಂದುಕೊಂಡಿದ್ದೆ. ಈಗ ಬಂದಿದೆ.

ನಮಗೆ ಕೊಟ್ಟಿರುವುದು ಮನೆಯ ಉತ್ತರ ತುದಿಯ ಕೋಣೆ. ಮೊದಲು ತೌನೊನ ಅಜ್ಜಿ ಇಲ್ಲಿದ್ದರಂತೆ. ಅವರು ಹೋದ ಮೇಲೆ ಈರುಳ್ಳಿ ಒಣಗಿಸಲು ಬಳಸುತ್ತಿದ್ದರು, ಮೂಲೆಯಲ್ಲಿ ಇನ್ನೂ ಆ ವಾಸನೆ ಇದೆ. ಮಂಚ ಅಜ್ಜಿಯದೇ. ಖಾನೆಗಳ ಪೆಟ್ಟಿಗೆ ತೌನೊನ ಚಿಕ್ಕಮ್ಮ ಕೊಟ್ಟದ್ದು; ಅದರ ಒಂದು ಕಾಲು ಮುರಿದಿತ್ತು, ತೌನೊ ಬರ್ಚ್ ಮರದಲ್ಲಿ ಕೆತ್ತಿ ಹೊಸದು ಹಾಕಿದ. ಮೂರು ಕಪ್ಪು ಕಾಲು, ಒಂದು ಬಿಳಿ ಕಾಲು. ಬಣ್ಣ ಬಳಿಯೋಣವೆಂದರೆ ಬೇಡ ಅನ್ನುತ್ತಾನೆ, ಅವನಿಗೆ ಅದು ಕಾಣಬೇಕು. ನನ್ನ ಎರಡು ಹಳೆಯ ಒಳಲಂಗ ಬಿಚ್ಚಿ ಕಿಟಕಿಗೆ ಪರದೆ ಮಾಡಿದೆ, ಅಂಚಿಗೆ ಕ್ರೋಶಾ ಹಾಕಿದೆ. ಮೊಟ್ಟೆಯ ಪೆಟ್ಟಿಗೆಯ ಹಲಗೆಯಿಂದ ತೌನೊ ಪುಸ್ತಕಕ್ಕೆ ಒಂದು ಗೂಡು ಮಾಡಿಕೊಟ್ಟಿದ್ದಾನೆ. ಅದರ ಅಂಚಿಗೆ ಬಿಳಿ ಕಾಗದ ಕತ್ತರಿಸಿ ಹನ್ನೊಂದು ಹಕ್ಕಿಗಳ ಸಾಲು ಅಂಟಿಸಿದ್ದೇನೆ. ಹನ್ನೆರಡನೆಯದು ಹರಿಯಿತು.

ಓದಲು ಶಾಲೆಯ ಟೀಚರು ಹಳೆಯ ವಾರಪತ್ರಿಕೆಗಳ ಒಂದು ಕಟ್ಟು ಕೊಟ್ಟಿದ್ದಾರೆ. ಒಂದು ಕಾದಂಬರಿಯನ್ನೂ ಕೊಟ್ಟರು, ಅದರ ಕೊನೆಯ ಹಾಳೆಗಳಿಲ್ಲ. ಊಟವಾದ ಮೇಲೆ ನಾವಿಬ್ಬರೂ ದಿನಕ್ಕೊಂದು ಕೊನೆ ಕಟ್ಟುತ್ತೇವೆ. ತೌನೊನ ಕೊನೆಯಲ್ಲಿ ಯಾವಾಗಲೂ ಯಾರೋ ಒಬ್ಬರು ಕುದುರೆ ಕೊಳ್ಳುತ್ತಾರೆ.

ನನ್ನ ಪೆಟ್ಟಿಗೆಯಲ್ಲಿದ್ದ ಸಮುದ್ರಯಾನದ ಕಥೆಯ ಪುಸ್ತಕವನ್ನೂ ನಿನ್ನೆ ಗೂಡಿನಲ್ಲಿಟ್ಟೆ. ಅಪ್ಪನ ಅಂಗಿ ಹೊಲಿದು ಉಳಿದ ಬಟ್ಟೆಯಿಂದ ನೀನು ಅದಕ್ಕೆ ಹೊದಿಕೆ ಹಾಕಿದ್ದೆಯಲ್ಲ, ಅದೇ. ಬೂದು ನೆಲದ ಮೇಲೆ ನೀಲಿ ಪಟ್ಟೆ. ಕೋಣೆಯಲ್ಲಿ ಅದಕ್ಕಿಂತ ಚೆಂದದ ಬಟ್ಟೆ ಇಲ್ಲ. ಹೊದಿಕೆ ಕಾಣುವ ಹಾಗೆ ನಿಲ್ಲಿಸಿದ್ದೇನೆ.

ಅತ್ತೆ ಅಮಾಂಡ ಮೊನ್ನೆ ಒಂದು ಚಿಂದಿ ಜಮಖಾನ ತಂದು ಹಾಸಿದರು. ಹತ್ತು ವರ್ಷದ ಹಿಂದೆ ಹಳೆ ಬಟ್ಟೆಗಳನ್ನು ಸೀಳಿ ತಾವೇ ನೇಯ್ದದ್ದಂತೆ, ಮನೆಯಲ್ಲಿರುವುದರಲ್ಲೇ ಒಳ್ಳೆಯದು. ಮಂಡಿಯೂರಿ ಕೂತು ಒಂದೊಂದೇ ಪಟ್ಟೆ ತೋರಿಸಿ ಹೇಳಿದರು: “ಇದು ನಮ್ಮಮ್ಮನ ಲಂಗ. ಇದು ತೌನೊನ ಮೊದಲನೇ ಚಡ್ಡಿ, ಬೇಲಿ ಹತ್ತಿ ಹರ್ಕೊಂಡು ಬಂದಿದ್ದ. ಇದು ದಿಂಬಿನ ಚೀಲ.” ನಮ್ಮಲ್ಲೂ ನೀನು ಹೀಗೇ ಹೇಳುತ್ತಿದ್ದೆ. ನಡುವೆ ಒಂದೆರಡು ಪಟ್ಟೆ ಬಿಟ್ಟು ಮುಂದೆ ಹೋದರು. ಅಷ್ಟುದ್ದದ ಜಮಖಾನದಲ್ಲಿ ಎಲ್ಲ ಯಾರಿಗೆ ನೆನಪಿರುತ್ತದೆ.

ಮಾವ ವಿಹ್ತೊರಿ ಹೆಚ್ಚು ಮಾತಾಡುವುದಿಲ್ಲ. ತೂಗುಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾರೆ. ಹಜಾರದ ಗೋಡೆಯಲ್ಲಿ ಗಾಜು ಹಾಕಿಸಿದ ಒಂದು ಪದಕವಿದೆ, ಹದಿನೆಂಟನೇ ಇಸವಿಯ ಅಂತರ್ಯುದ್ಧದಲ್ಲಿ ಕೆಂಪು ಪಡೆಯ ವಿರುದ್ಧ ಬಿಳಿಯರ ಕಡೆ ಇದ್ದವರಿಗೆ ಕೊಟ್ಟದ್ದು. ಈ ಕಡೆ ಎರಡು ಮನೆಗೊಂದರಂತೆ ಇದೆ. ಧೂಳು ಒರೆಸುವುದು ನನ್ನ ಪಾಲಿನ ಕೆಲಸ. ಒರೆಸುತ್ತೇನೆ. ನೀನು ಹೇಳಿಕೊಟ್ಟಂತೆಯೇ ಎಲ್ಲರಿಗೂ ಹೇಳಿದ್ದೇನೆ: ಅಪ್ಪ ಆ ವರ್ಷ ಜ್ವರದಲ್ಲಿ ಹೋದರು. ತೌನೊಗೂ ಅಷ್ಟೇ ಗೊತ್ತು.

ನಿನ್ನ
ಸೈಮಿ


ತಾಂಪೆರೆ
18 ಅಕ್ಟೋಬರ್ 1936

ಪ್ರೀತಿಯ ಸೈಮಿ,

ಕಾಗದ ತಲುಪಿತು. ಕೋಣೆ ಕಣ್ಣಿಗೆ ಕಟ್ಟಿತು. ಪರದೆಯ ಅಂಚನ್ನು ಗಂಜಿ ಹಾಕಿ ಇಸ್ತ್ರಿ ಮಾಡು, ಇಲ್ಲದಿದ್ದರೆ ಸುರುಟಿಕೊಳ್ಳುತ್ತದೆ.

ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ಹಾಕು. ಬೆಳಕಿಗೆ ನೀಲಿ ಹೋಗುತ್ತದೆ. ಅದೊಂದೇ ಕಾರಣವಲ್ಲ. ಆ ಬಟ್ಟೆ ನಮ್ಮ ಮನೆಯದು ಎಂದು ಗುರುತಿಸುವವರು ಈಗಲೂ ಇದ್ದಾರೆ, ನಾವು ಯಾರು ಎಂದು ಅವರಿಗೆ ಗೊತ್ತು. ಹಾಲು ಪರೀಕ್ಷೆಯ ಕೆಲಸಕ್ಕೆಂದು ಆ ಊರಿಗೆ ಹೋದವಳು ನೀನು, ಅಲ್ಲೇ ಮದುವೆಯಾಗುತ್ತೀ ಎಂದು ನಾನು ಎಣಿಸಿರಲಿಲ್ಲ. ತೌನೊ ಒಳ್ಳೆಯವನು ಎಂದು ನಿನ್ನ ಕಾಗದಗಳಿಂದ ತಿಳಿಯುತ್ತದೆ. ಮನೆ ಬೇರೆ, ಮನುಷ್ಯ ಬೇರೆ.

ಗಿರಣಿಯಲ್ಲಿ ಈಗ ಬೆಳಗಿನ ಪಾಳಿ. ಕಿವಿ ಸ್ವಲ್ಪ ಮಂದವಾಗಿದೆ, ಎಲ್ಲರಿಗೂ ಆಗುತ್ತದೆ.

ನಿನ್ನ ಅಮ್ಮ
ಎಡ್ಲಾ


ಹೌಕಿಲಾ ಮನೆ
20 ಡಿಸೆಂಬರ್ 1936

ಪ್ರೀತಿಯ ಅಮ್ಮ,

ಪುಸ್ತಕವನ್ನು ಪೆಟ್ಟಿಗೆಗೆ ಹಾಕಲಿಲ್ಲ. ಗೂಡು ಬೋಳಾಗುತ್ತಿತ್ತು. ನನಗೆ ಅಷ್ಟೇ ಹೊಳೆದದ್ದು. ಇದನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ.

ನಿನ್ನೆ ಹಬ್ಬಕ್ಕೆ ಮನೆ ಚೊಕ್ಕ ಮಾಡುತ್ತಿದ್ದೆವು. ಜಮಖಾನಗಳನ್ನೆಲ್ಲ ಹೊರಗೆ ತಂದು ಹಿಮದ ಮೇಲೆ ಮಗುಚಿ ಹಾಕಿ ಬಡಿದೆ. ಒಂದು ಗಂಟೆ ಬಿಸಿಲಿತ್ತು. ಹಿಮದ ಮೇಲೆ ಬಿಸಿಲು ಬಿದ್ದರೆ ಯಾವ ಬಣ್ಣವೂ ಮುಚ್ಚಿಕೊಳ್ಳಲಾರದು. ನಮ್ಮ ಕೋಣೆಯ ಜಮಖಾನದ ಮಧ್ಯದಲ್ಲಿ, ಅತ್ತೆ ಹೆಸರು ಹೇಳದೆ ದಾಟಿದ ಜಾಗದಲ್ಲಿ, ಬೂದು ಬಟ್ಟೆಯ ಒಂದು ಪಟ್ಟೆ ಇದೆ. ಬೂದಿನಲ್ಲಿ ನೀಲಿ ಗೆರೆ. ಎರಡು ನೀಲಿಯಾದ ಮೇಲೆ ಒಂದು ಹಸಿರಿನಂಥದ್ದು, ನಮ್ಮ ಬಟ್ಟೆಯಲ್ಲಿದ್ದ ಹಾಗೆಯೇ. ನೀಲಿ ಬಣ್ಣ ಸಾಲದೆ ನೀನು ಬರ್ಚ್ ಎಲೆಯ ಹಳದಿಯಲ್ಲಿ ಅದ್ದಿದ್ದು ಹಾಗೆ ಹಸಿರಾಯಿತು ಎಂದು ಹೇಳಿದ್ದೆ.

ಒಳಗೆ ಹೋಗಿ ಪುಸ್ತಕವನ್ನು ಏಪ್ರನ್ ಕೆಳಗೆ ಇಟ್ಟುಕೊಂಡು ಬಂದೆ. ಹಿಮದ ಮೇಲೆ ಕೂತು ಎರಡನ್ನೂ ಪಕ್ಕಪಕ್ಕ ಹಿಡಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಅಡುಗೆಮನೆಯ ಕಿಟಕಿಯಿಂದ ಅತ್ತೆ ಕರೆದರು, ಕಾಫಿ ಆರಿ ಹೋಗುತ್ತದೆ ಎಂದು. ಅವರು ಎಷ್ಟು ಹೊತ್ತಿನಿಂದ ಕಿಟಕಿಯಲ್ಲಿದ್ದರೋ.

ಜಮಖಾನವನ್ನು ಇದ್ದ ಹಾಗೆಯೇ ಹಾಸಿದ್ದೇನೆ. ಮಂಚದಿಂದ ಬಾಗಿಲಿಗೆ ನಾಲ್ಕು ಹೆಜ್ಜೆ. ಮೂರನೆಯದನ್ನು ಉದ್ದ ಹಾಕುತ್ತೇನೆ. “ಏನೇ ಇದು, ಕೊಕ್ಕರೆ ಥರ ನಡೀತೀಯಾ?” ಎಂದು ತೌನೊ ನಕ್ಕ. ನಾನೂ ನಕ್ಕೆ.

ನನಗೆ ಆಗ ಏಳು ವರ್ಷ. ಅಪ್ಪ ಹೊರಟ ದಿನ ಅದೇ ಅಂಗಿ ಹಾಕಿದ್ದರು ಎಂದು ನೆನಪು. ತಪ್ಪು ನೆನಪಿದ್ದರೆ ಹೇಳು. ಬೇಗ ಬರೆ.

ಸೈಮಿ


ತಾಂಪೆರೆ
31 ಜನವರಿ 1937

ಪ್ರೀತಿಯ ಸೈಮಿ,

ನಿನ್ನ ಕಾಗದ ಬಂದು ಐದು ವಾರವಾಯಿತು. ಮೂರು ಸಲ ಉತ್ತರ ಬರೆದು ಒಲೆಗೆ ಹಾಕಿದೆ. ಮೂರರಲ್ಲೂ ಬೂದು ನೆಲ, ನೀಲಿ ಪಟ್ಟೆ ಬೇಕಾದಷ್ಟು ಜನ ನೇಯುತ್ತಿದ್ದರು ಎಂದು ಬರೆದಿದ್ದೆ. ಅದು ನಿಜವೂ ಹೌದು.

ಆದ್ದರಿಂದ ಒಂದು ಕೆಲಸ ಮಾಡು. ಹಸಿರು ಗೆರೆಯ ಎಡಕ್ಕೆ ನೋಡು. ಅಲ್ಲಿ ಎರಡು ಎಳೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಹೋಗಿವೆಯೋ? ಮಗ್ಗಕ್ಕೆ ಹಾಸು ಏರಿಸುವಾಗ ಹಣಿಗೆಯ ಒಂದೊಂದು ಹಲ್ಲಿಗೆ ಒಂದೊಂದು ಎಳೆ ತುಂಬುತ್ತಿದ್ದೆ. ನಿನ್ನ ಅಪ್ಪ ಪಕ್ಕದಲ್ಲಿ ಕೂತು ಅದೇ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು. ಹಡಗು ಒಡೆಯುವ ಜಾಗ ಬಂತು. ಕೈ ತಪ್ಪಿ ಒಂದು ಹಲ್ಲಿಗೆ ಎರಡು ಎಳೆ ಹೋಯಿತು. ಆರು ಮೊಳ ನೇಯ್ದ ಮೇಲೆ ಕಣ್ಣಿಗೆ ಬಿತ್ತು. ಬಿಚ್ಚುತ್ತೇನೆ ಎಂದೆ. “ಇರ್ಲಿ ಬಿಡೇ ಎಡ್ಲಾ,” ಅಂದರು ಒಸ್ಕರಿ. “ಅಂಗಿ ಕಳೆದುಹೋದ್ರೆ ನಂದೇ ಅಂತ ಹೇಳೋಕಾಗುತ್ತೆ.”

ನಿನಗೆ ಎಷ್ಟು ಗೊತ್ತು ಎಂದು ನಾನು ಯಾವತ್ತೂ ಕೇಳಲಿಲ್ಲ. ಈಗ ಇದ್ದದ್ದನ್ನು ಹೇಳುತ್ತೇನೆ. ಅವರು ಕೆಂಪು ತೋಳುಪಟ್ಟಿ ಕಟ್ಟಿಕೊಂಡು ಹೋದರು. ಬಿಳಿಯರು ಗೆದ್ದರು. ಮೇ ತಿಂಗಳ ಮೊದಲ ವಾರ, ಯಾವುದೋ ರೈಲು ನಿಲ್ದಾಣದಲ್ಲಿ, ಸೆರೆಯಾದವರ ಸಾಲಿನಲ್ಲಿ ಅವರನ್ನು ನೋಡಿದೆ ಎಂದು ಒಬ್ಬಾತ ಬಂದು ಹೇಳಿದ. ಅಂಗಿಯನ್ನೂ ಹೇಳಿದ. ಆಮೇಲೆ ಗುಂಡು ಹಾಕಿದರು ಎಂದು ಕೇಳಿದೆ. ಎಲ್ಲಿ ಎಂದು ಯಾರೂ ಹೇಳಲಿಲ್ಲ. ಪಾದ್ರಿಯನ್ನು ಕೇಳಿದೆ, ಪಟ್ಟಿ ತಮ್ಮ ಬಳಿ ಇಲ್ಲ ಎಂದರು. ಎರಡನೇ ಸಲ ಹೋದಾಗ ಬಾಗಿಲು ತೆಗೆಯಲಿಲ್ಲ. ಕೇಳುತ್ತಾ ಹೋದರೆ ನಿನ್ನನ್ನು ಬೇರೆ ಮನೆಗೆ ಸಾಕಲು ಕೊಡುತ್ತಾರೆ ಎಂದು ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಎಚ್ಚರಿಸಿದರು. ನಿಲ್ಲಿಸಿದೆ. ಜ್ವರ ಎಂದು ಹೇಳಲು ಕಲಿತೆ.

ಎಳೆ ನೋಡಿ ಬರೆ. ಯಾರನ್ನೂ ಏನೂ ಕೇಳಬೇಡ.

ಅಮ್ಮ


ಹೌಕಿಲಾ ಮನೆ
14 ಫೆಬ್ರವರಿ 1937

ಅಮ್ಮ,

ಎರಡು ಎಳೆ ಇವೆ. ಮಾವನ ಪೇಪರ್ ಓದುವ ಭೂತಗನ್ನಡಿಯನ್ನು ತಂದು ನೋಡಿದೆ. ಜಮಖಾನದಲ್ಲೂ ಇವೆ, ಪುಸ್ತಕದಲ್ಲೂ ಇವೆ.

ನಾನು ಬಸುರಿ. ಇದನ್ನು ಬೇರೆ ರೀತಿಯಲ್ಲಿ ತಿಳಿಸಬೇಕೆಂದಿದ್ದೆ. ಜುಲೈ ಎನ್ನುತ್ತಾಳೆ ಸೂಲಗಿತ್ತಿ.

ತೌನೊ ಹಬ್ಬ ಮುಗಿದ ಕೂಡಲೇ ಮರ ಕಡಿಯಲು ಕಾಡಿನ ಬಿಡಾರಕ್ಕೆ ಹೋದ. ಅಲ್ಲಿಂದಲೇ ದಿಮ್ಮಿ ತೇಲಿಸುವ ಕೆಲಸಕ್ಕೆ. ಹೊಳೆಗಳ ನೀರು ಇಳಿಯುವವರೆಗೆ ಬರುವುದಿಲ್ಲ. ಮನೆಯಲ್ಲಿ ನಾವು ಮೂವರು.

ಮಂಗಳವಾರ ಹಾಲು ಕರೆದು ಒಳಗೆ ಬಂದಾಗ ಮಾವ ನಮ್ಮ ಕೋಣೆಯಲ್ಲಿದ್ದರು. ಅವರು ಎಂದೂ ಅಲ್ಲಿಗೆ ಬಂದವರಲ್ಲ. ಮಂಚದ ಅಂಚಿನಲ್ಲಿ ಕೂತಿದ್ದರು, ಕೈಯಲ್ಲಿ ಆ ಪುಸ್ತಕ. ತೆರೆದಿರಲಿಲ್ಲ. ಹೆಬ್ಬೆರಳು ಹೊದಿಕೆಯ ಮೇಲೆ ಆಡುತ್ತಿತ್ತು.

“ಯಾರದಿದು?”

“ನಂದು ಮಾವ. ಚಿಕ್ಕಂದಿನದು.”

“ಈ ಬಟ್ಟೆ ಹಾಕಿದ್ದು?”

“ಅಮ್ಮ.”

“ನೇಯ್ತಾರಾ ಅವರು?”

“ಮುಂಚೆ. ಈಗ ಗಿರಣಿ ಕೆಲಸ.”

ನನ್ನ ಕೈಯಲ್ಲಿ ಬಕೆಟ್ ಇತ್ತು, ಕೆಳಗಿಡಲು ತೋಚಲಿಲ್ಲ.

“ನಿಮ್ಮಪ್ಪ ಯಾವ ವರ್ಷ ಹೋದ್ರು ಅಂದಿದ್ದೆ?”

“ಹದಿನೆಂಟು. ಜ್ವರ ಬಂದು.”

“ಆ ವರ್ಷ ಜ್ವರ ಜಾಸ್ತಿ ಇತ್ತು,” ಎಂದರು.

ಎದ್ದು ಪುಸ್ತಕವನ್ನು ಗೂಡಿಗೆ ಸೇರಿಸಿದರು, ಹೊದಿಕೆ ಒಳಗಾಗುವ ಹಾಗೆ. ಹೋಗುವಾಗ ಜಮಖಾನದ ಮೇಲೆ ಕಾಲಿಡಲಿಲ್ಲ, ಗೋಡೆಯ ಪಕ್ಕ ಸರಿದು ಹೋದರು. ನಾನು ಉದ್ದ ಹೆಜ್ಜೆ ಹಾಕುವುದನ್ನು ಅವರೂ ತೆರೆದ ಬಾಗಿಲಿನಿಂದ ಗಮನಿಸಿರಬೇಕು.

ಅವತ್ತಿನಿಂದ ಮಲಗುವ ಮುಂಚೆ ಬಾಗಿಲಿಗೆ ಕುರ್ಚಿ ಒತ್ತಿಡುತ್ತೇನೆ. ಅದರಿಂದ ಯಾರನ್ನೂ ತಡೆಯಲಾಗುವುದಿಲ್ಲ, ಸದ್ದಾಗುತ್ತದೆ ಅಷ್ಟೆ. ಊಟಕ್ಕೆ ಕೂತಾಗ ಅವರು ರೊಟ್ಟಿ ಕೊಯ್ಯುವುದನ್ನು ನೋಡುತ್ತೇನೆ. ರೈ ಹಿಟ್ಟಿನ ದಪ್ಪ ರೊಟ್ಟಿ, ಎದೆಗೆ ಒತ್ತಿ ಹಿಡಿದು ಚಾಕುವನ್ನು ತಮ್ಮ ಕಡೆಗೆ ಎಳೆದು ಕೊಯ್ಯುತ್ತಾರೆ, ಎಲ್ಲ ಮುದುಕರ ಹಾಗೆ. ಮೊದಲ ತುಂಡು ನನಗೆ ಕೊಡುತ್ತಾರೆ. ತಿನ್ನುತ್ತೇನೆ.

ಸೈಮಿ


ತಾಂಪೆರೆ
21 ಫೆಬ್ರವರಿ 1937

ಸೈಮಿ,

ಹೊರಟು ಬಾ. ಅಮ್ಮನಿಗೆ ಹುಷಾರಿಲ್ಲ ಎಂದು ಹೇಳು. ಕೈಗೆ ಬಂದಷ್ಟು ತಗೊಂಡು ರೈಲು ಹತ್ತು. ತೌನೊಗೆ ಇಲ್ಲಿಂದ ಬರೆಯೋಣ.

ಪುಸ್ತಕವನ್ನು ಒಲೆಗೆ ಹಾಕು. ನಾನು ಹೇಳುತ್ತಿದ್ದೇನೆ, ಹಾಕು.

ಅಮ್ಮ


ಹೌಕಿಲಾ ಮನೆ
21 ಮಾರ್ಚ್ 1937

ಅಮ್ಮ,

ಬರಲು ಆಗಲಿಲ್ಲ. ಈ ತಿಂಗಳ ಮೊದಲ ವಾರ ಎರಡು ದಿನ ರಕ್ತ ಹೋಯಿತು. ಈಗ ನಿಂತಿದೆ. ಆದರೆ ಸೂಲಗಿತ್ತಿ ಮಲಗಿಯೇ ಇರಬೇಕೆಂದಿದ್ದಾಳೆ. ಜಾರುಬಂಡಿ, ರೈಲು ಯಾವುದೂ ಕೂಡದು. ನಾನು ಹೆದರಿರುವುದು ಹೊಟ್ಟೆಯಲ್ಲಿರುವುದಕ್ಕೂ ತಿಳಿಯುತ್ತದೋ ಏನೋ.

ಹದಿನೈದು ದಿನ ಮಲಗಿ ಸೂರು ನೋಡಿದೆ, ವಾರಪತ್ರಿಕೆಗಳನ್ನು ಎರಡೆರಡು ಸಲ ಓದಿದೆ. ಆ ಕಾದಂಬರಿಗೆ ಒಬ್ಬಳೇ ಕೊನೆ ಕಟ್ಟಲು ನೋಡಿದೆ, ಆಗಲಿಲ್ಲ. ಅತ್ತೆಯೇ ಊಟ ತಂದುಕೊಟ್ಟರು. ಸಾಗುವಳಿ, ಕರು, ಪಕ್ಕದ ಮನೆಯವರ ಜಗಳ, ಇಂಥದ್ದೇ ಮಾತು. ಮಾವ ಒಳಗೆ ಬರಲಿಲ್ಲ. ಒಂದು ಬೆಳಿಗ್ಗೆ ಬಾಗಿಲ ಹೊರಗೆ ಒಲೆಗೆ ಸೌದೆ ಇತ್ತು, ಸಣ್ಣಗೆ ಸೀಳಿದ ಬರ್ಚ್. ಅವರೇ ಇಟ್ಟದ್ದು. ಆಮೇಲೆ ದಿನವೂ ಇರುತ್ತದೆ.

ಪುಸ್ತಕ ಸುಡಲಿಲ್ಲ. ಮೂರು ಸಲ ಒಲೆಯ ಮುಂದೆ ನಿಂತೆ. ಮಾವ ನೋಡಿಯಾಗಿದೆ, ಈಗ ಅದು ಇಲ್ಲವಾದರೆ ಅದೇ ಉತ್ತರ ಕೊಟ್ಟ ಹಾಗೆ. ಹೀಗೆಂದು ನನಗೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆಯೇ ಇದ್ದೀತು.

ನಿನ್ನೆ ಶನಿವಾರ. ಮೆಲ್ಲಗೆ ನಡೆಯಬಹುದು ಎಂದು ಸೂಲಗಿತ್ತಿ ಹೇಳಿದ ಮೇಲೆ ಅತ್ತೆ ನನ್ನನ್ನು ಸೌನಾದ ಹಬೆಸ್ನಾನಕ್ಕೆ ಕರೆದೊಯ್ದರು. ಬಿಸಿ ಕಡಿಮೆ ಇಟ್ಟಿದ್ದರು, ಕೆಳಗಿನ ಮೆಟ್ಟಿಲ ಮೇಲೆ ಕೂರಿಸಿ ಬೆನ್ನು ಉಜ್ಜಿದರು. ಅಲ್ಲಿ ನಾವಿಬ್ಬರೇ, ಮೈಮೇಲೆ ಬಟ್ಟೆಯಿಲ್ಲ, ಬಾಗಿಲು ಅವರ ಹಿಂದೆ.

“ಸೈಮಿ, ನಾನು ನಲವತ್ತು ವರ್ಷ ಮಗ್ಗದ ಮುಂದೆ ಕೂತೋಳು,” ಎಂದರು. “ನಿನ್ನ ಪುಸ್ತಕದ ಬಟ್ಟೇಲಿ ಒಂದು ಹಲ್ಲಿಗೆ ಎರಡು ಎಳೆ ಹೋಗಿದೆ. ಗೂಡಲ್ಲಿ ಇಟ್ಟ ದಿನಾನೇ ನೋಡ್ದೆ.”

ನಾನು ತಿರುಗಲಿಲ್ಲ. ಉಜ್ಜುವ ಕೈ ನಿಂತಿತು, ಮತ್ತೆ ಶುರುವಾಯಿತು.

“ನಿಮ್ಮಮ್ಮನ ವಿಳಾಸ ಕೊಡು.”

ಯಾಕೆ ಎಂದು ಕೇಳಿದೆ.

“ನೇಯ್ಗೆ ವಿಷಯ ನೇಯೋರ ಹತ್ರಾನೇ ಮಾತಾಡ್ಬೇಕು.”

ನಾನು ಕೊಡಲಿಲ್ಲ. ಆದರೆ ನಿನ್ನ ಲಕೋಟೆಗಳ ಹಿಂಬದಿಯಲ್ಲಿ ಅದು ಇದ್ದೇ ಇದೆ, ಅಂಚೆ ತರುವುದು ಅವರೇ. ಅವರಿಂದ ಕಾಗದ ಬಂದರೆ ಒಡೆಯಬೇಡ. ಅಥವಾ ಒಡೆ. ನನಗೆ ತಿಳಿಯುತ್ತಿಲ್ಲ.

ಸೈಮಿ


ಹೌಕಿಲಾ ಮನೆ, ಕುರ್ಕಿಓಯ
11 ಏಪ್ರಿಲ್ 1937

ಶ್ರೀಮತಿ ಎಡ್ಲಾ ಸಾವೆಲಾ ಅವರಿಗೆ,

ನಿಮ್ಮ ಮಗಳಿಗೆ ತಿಳಿಸದೆ ಬರೆಯುತ್ತಿದ್ದೇನೆ. ಬರೆದು ನನಗೆ ಅಭ್ಯಾಸವಿಲ್ಲ.

ಮೊದಲಿಗೆ, ಸೈಮಿ ಹುಷಾರಾಗಿದ್ದಾಳೆ. ಮಗು ಒದೆಯುತ್ತದೆ.

ಹದಿನೆಂಟರ ಮೇ ತಿಂಗಳಲ್ಲಿ ನನ್ನ ಗಂಡ ಮೂರು ವಾರ ಕಾವಲು ದಳದ ಜೊತೆ ಇದ್ದರು. ಮನೆಗೆ ಬರುವಾಗ ಒಂದು ದುಪ್ಪಟಿಯಲ್ಲಿ ಬಟ್ಟೆಗಂಟು ತಂದರು. ತೊಳಿ ಎಂದರು. ಎರಡು ಕೋಟು, ಜೋಡಿಯಿಲ್ಲದ ಮೂರು ಕಾಲುಚೀಲ, ಒಂದು ಅಂಗಿ. ತೊಳೆದೆ. ಅಂಗಿಯಲ್ಲಿ ತೂತು ಇರಲಿಲ್ಲ, ಕಲೆಯೂ ಇರಲಿಲ್ಲ. ಅಂದರೆ ಮೊದಲೇ ಬಿಚ್ಚಿಸಿದ್ದರು. ಹೊಲಿಗೆಗಳ ಒಳಗೆಲ್ಲ ಹಳದಿ ಮರಳು. ನಮ್ಮ ಕಡೆ ಅಂಥ ಮರಳು ಇರುವುದು ಪೈನ್ ದಿಬ್ಬದಲ್ಲಿ ಮಾತ್ರ. ದಿಬ್ಬ ಮೂರು ಮೈಲಿ ಉದ್ದವಿದೆ. ಅದರಲ್ಲಿ ಯಾವ ಜಾಗ ಎಂದು ನನಗೆ ಗೊತ್ತಿಲ್ಲ, ನಾನು ಕೇಳಲಿಲ್ಲ. ಹತ್ತೊಂಬತ್ತು ವರ್ಷ ಕೇಳಲಿಲ್ಲ.

ಅಂಗಿಯನ್ನು ಅವರು ತೊಡಲಿಲ್ಲ. ಒಂಬತ್ತು ವರ್ಷ ಪೆಟ್ಟಿಗೆಯಲ್ಲಿತ್ತು. ಆಮೇಲೆ ಸೀಳಿ ಜಮಖಾನಕ್ಕೆ ಹಾಕಿದೆ. ಒಳ್ಳೆಯ ನೇಯ್ಗೆ, ಎಸೆಯಲು ಕೈ ಬರಲಿಲ್ಲ. ನೇಯ್ದವರು ನೀವಾದ್ದರಿಂದ ಇದನ್ನು ಹೇಳುತ್ತಿದ್ದೇನೆ.

ಅದನ್ನು ಸೈಮಿಗೆ ಕೊಟ್ಟದ್ದು ಇರುವುದರಲ್ಲಿ ಒಳ್ಳೆಯದೆಂದು. ಆಮೇಲೆ ಪುಸ್ತಕ ಕಂಡೆ. ಜಮಖಾನವನ್ನು ವಾಪಸ್ ತೆಗೆದುಕೊಂಡಿದ್ದರೆ ಬಾಯಿಬಿಟ್ಟು ಹೇಳಿದ ಹಾಗಾಗುತ್ತಿತ್ತು. ಸುಮ್ಮನಿದ್ದೆ.

ನನ್ನ ಗಂಡನಿಗೆ ಈಗ ಎಪ್ಪತ್ತೊಂದು. ಫೆಬ್ರವರಿಯಿಂದ ಸರಿಯಾಗಿ ಉಣ್ಣುವುದಿಲ್ಲ. ನಿಮ್ಮ ಮಗಳು ಬಾಗಿಲಿಗೆ ಕುರ್ಚಿ ಒತ್ತಿಡುತ್ತಾಳೆ, ನೆಲದ ಬಣ್ಣ ಅಲ್ಲಿ ಕೆರೆದುಹೋಗಿದೆ. ನೆಲ ಸಾರಿಸುವಾಗ ಕಂಡೆ. ಹೆದರಬೇಡ ಎಂದು ಅವಳಿಗೆ ಹೇಳಲು ನಾನು ಯಾರು.

ನೀವು ಏನು ಮಾಡು ಎನ್ನುತ್ತೀರೋ ಅದನ್ನು ಮಾಡುತ್ತೇನೆ.

ಅಮಾಂಡ ಹೌಕಿಲಾ


ತಾಂಪೆರೆ
18 ಏಪ್ರಿಲ್ 1937

ಶ್ರೀಮತಿ ಹೌಕಿಲಾ,

ನಿಮ್ಮ ಕಾಗದ ಬಂತು. ನನಗೆ ಒಂದೇ ತಿಳಿಯಬೇಕು. ಯಾವ ಜಾಗ.

ಎಡ್ಲಾ ಸಾವೆಲಾ


ಹೌಕಿಲಾ ಮನೆ
9 ಮೇ 1937

ಪ್ರೀತಿಯ ಅಮ್ಮ,

ನಿನಗೆ ತಾವು ಬರೆದದ್ದನ್ನು ಅತ್ತೆ ನನಗೆ ಹೇಳಿದರು, ನಿನ್ನ ಉತ್ತರವನ್ನೂ ತೋರಿಸಿದರು. ನಿನ್ನ ಒಂದು ಸಾಲಿನ ಕಾಗದ ಹದಿನೈದು ದಿನ ಅವರ ಏಪ್ರನ್ ಜೇಬಿನಲ್ಲಿತ್ತು. ಮಡಿಕೆಗಳಲ್ಲಿ ಹರಿದಿದೆ.

ಶುಕ್ರವಾರ ಬೆಳಗಿನ ಗಂಜಿಯ ಹೊತ್ತಿಗೆ ಅವರು ಮಾವನಿಗೆ ಹೇಳಿದರು, ಇವತ್ತು ಗಾಡಿ ಕಟ್ಟಬೇಕು, ಸೈಮಿ ಮತ್ತು ನಾನು ಹೋಗಬೇಕು. ಎಲ್ಲಿಗೆ ಎಂದು ಅವರು ಹೇಳಲಿಲ್ಲ. ಮಾವ ಕೇಳಲೂ ಇಲ್ಲ. ಚಮಚ ಕೆಳಗಿಟ್ಟು ಎದ್ದು ಹೋದರು. ನಾನು ಹೊರಗೆ ಬರುವಷ್ಟರಲ್ಲಿ ಗಾಡಿಯಲ್ಲಿ ಹುಲ್ಲು ತುಂಬಿಸಿ ಮೇಲೆ ಕುರಿತೊಗಲು ಹಾಸಿದ್ದರು. ನನಗೆ ಕುಲುಕಬಾರದೆಂದು.

ಹಿಮ ಕರಗಿ ರಸ್ತೆ ಇನ್ನೂ ಕೆಸರು. ಮೆಲ್ಲಗೆ ಹೋದೆವು. ಪೈನ್ ದಿಬ್ಬದ ಹತ್ತಿರ ದಾರಿ ಕವಲೊಡೆಯುತ್ತದೆ. ಅತ್ತೆ ಎಡಕ್ಕೆ ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾವ ಗಾಡಿ ತಿರುಗಿಸಿಯಾಗಿತ್ತು. ಅತ್ತೆ ನನ್ನ ಕೈ ಹಿಡಿದುಕೊಂಡರು. ಅಲ್ಲಿಂದ ಮುಂದೆ ದಾರಿಯೇ ಇಲ್ಲ, ಬರೇ ಮರಗಳು. ಎಲ್ಲ ಮರಗಳೂ ಒಂದೇ ಥರ. ಅವರು ಎರಡು ಸಲ ಬಳಸಿ, ಒಂದು ಇಳಿಜಾರು ಇಳಿದು, ಗಾಡಿ ನಿಲ್ಲಿಸಿದರು. ಒಂದು ಸಲವೂ ಅನುಮಾನಿಸಲಿಲ್ಲ.

ಅತ್ತೆ ಇಳಿಯಲಿಲ್ಲ. ನಾನು ಇಳಿದೆ. ಮಾವನ ಹಿಂದೆ ಮೂವತ್ತು ಹೆಜ್ಜೆ ನಡೆದಿರಬಹುದು. ಬೆನ್ನು ನೋಡುತ್ತಾ ನಡೆದೆ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದೆ. ಈ ಮನುಷ್ಯನ ಹಿಂದೆ ಹೀಗೆ ಮರಗಳ ನಡುವೆ ಹೋಗುತ್ತಿರುವ ಮೊದಲನೆಯವಳು ನಾನಲ್ಲ ಅನ್ನಿಸಿತು. ಆಮೇಲೆ ಅದೂ ತಪ್ಪು ಎಂದು ಹೊಳೆಯಿತು, ಅವತ್ತು ಇವರು ಹಿಂದೆ ಇದ್ದಿರಬೇಕು.

ಪಾಚಿ ತಗ್ಗಾದ ಒಂದು ಕಡೆ ನಿಂತರು. ಟೋಪಿ ತೆಗೆದರು.

“ಏಳು ಜನ. ಅಂಗಿಯವನು ಈ ತುದೀಲಿ.”

ಅಲ್ಲಿ ಏನೂ ಇಲ್ಲ, ಅಮ್ಮ. ಹಾಗೆಂದು ನಿನಗೆ ಬರೆಯುವುದು ಕಷ್ಟ. ಪಾಚಿ, ಕೆಂಪು ಹಣ್ಣಿನ ಗಿಡ, ಹಳದಿ ಮರಳು. ಇಳಿಜಾರಿನ ಕೆಳಗೆ ನೀರು ಹರಿಯುವ ಸದ್ದು.

ಅಪ್ಪ ಏನಾದರೂ ಹೇಳಿದರೇ ಎಂದು ಕೇಳಿದೆ. ಅಪ್ಪ ಎಂಬ ಮಾತನ್ನು ಅವರ ಎದುರು ಹಾಗೆ ಹೇಳಿದ್ದು ಅದೇ ಮೊದಲು.

“ಬಿಚ್ಚಿ ಅಂದಾಗ ಎಲ್ಲರೂ ಬಿಸಾಕಿದ್ರು. ಅವನು ಮಡಚಿಟ್ಟ.”

ಆಮೇಲೆ ನನ್ನ ಕಡೆ ತಿರುಗಿದರು. “ನೀನು ಯಾರಿಗೆ ಹೇಳ್ತೀಯಾ?”

ಇದೇ ಪ್ರಶ್ನೆಗೆ ನಾನು ಚಳಿಗಾಲ ಪೂರ್ತಿ ಹೆದರಿದ್ದೆ. ಈ ಪ್ರಶ್ನೆಯ ಹಿಂದೆಯೇ ಇನ್ನೇನೋ ಬರುತ್ತದೆ ಎಂದುಕೊಂಡಿದ್ದೆ. ಆದರೆ ಅವರ ಕೈಯಲ್ಲಿದ್ದ ಟೋಪಿ ಕಾಲಿಗೆ ಬಡಿಯುತ್ತಿತ್ತು, ಬಡಿಯುತ್ತಲೇ ಇತ್ತು. ಅವರು ಅದನ್ನು ನಿಲ್ಲಿಸಲು ನೋಡಿದರು, ಆಗಲಿಲ್ಲ. ಬಾಗಿಲಿನ ಈಚೆ ನಾನು ಕುರ್ಚಿ ಒತ್ತಿಡುತ್ತಿದ್ದಾಗ ಆಚೆ ಅವರು ಏನು ಒತ್ತಿಡುತ್ತಿದ್ದರೋ. ಮಗನಿಗೆ ಹೇಳುತ್ತೀಯಾ ಎಂದು ಅವರು ಕೇಳುತ್ತಿದ್ದರು. ಬೇರೇನೂ ಅಲ್ಲ.

ತೌನೊಗೆ ಹೇಳುತ್ತೇನೆ ಎಂದೆ. ಅವರು ತಲೆಯಾಡಿಸಿದರು. ನೀವು ಅವತ್ತು ಏನು ಮಾಡುತ್ತಿದ್ದಿರಿ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದರು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆಮೇಲೆ ಅದೇ ಗಾಡಿ ಹತ್ತಿ, ಅದೇ ಮನೆಗೆ ಹೋಗಿ, ಅವರು ಕೊಯ್ದ ರೊಟ್ಟಿ ತಿನ್ನಬೇಕಿತ್ತು.

ಈಗಲೂ ಕುರ್ಚಿ ಇಡುತ್ತೇನೆ. ಮೊದಲಿನ ಕಾರಣಕ್ಕಲ್ಲ, ಆದರೆ ಇಡದೆ ನಿದ್ದೆ ಬರುವುದಿಲ್ಲ. ಜಮಖಾನ ಸುತ್ತಿ ಮಂಚದ ಕೆಳಗೆ ಇಟ್ಟಿದ್ದೇನೆ. ಬರಿಯ ನೆಲದ ಮೇಲೆ ಕಾಲಿಡಲು ಇನ್ನೂ ಹೆಚ್ಚು ಭಯವಾಗುತ್ತದೆ, ಯಾಕೋ.

ಹೆರಿಗೆಗೆ ಇನ್ನು ಎರಡು ತಿಂಗಳು. ಈ ಮನೆಯಲ್ಲಿ ಹೆರಲೋ, ಅಲ್ಲಿಗೆ ಬರಲೋ? ತೌನೊ ಬಂದ ಮೇಲೆ ಅವನು ಏನೆನ್ನುತ್ತಾನೋ ಗೊತ್ತಿಲ್ಲ. ಪ್ರಯಾಣ ಮಾಡಬಹುದು ಎಂದು ಸೂಲಗಿತ್ತಿ ಈಗ ಹೇಳುತ್ತಾಳೆ. ನಾನು ನಿರ್ಧರಿಸಲಾರೆ. ನೀನು ಹೇಳು.

ನಿನ್ನ
ಸೈಮಿ


ತಾಂಪೆರೆ
14 ಮೇ 1937

ಪ್ರೀತಿಯ ಸೈಮಿ,

ಗುರುವಾರ, ಇಪ್ಪತ್ತನೇ ತಾರೀಖು, ಮಧ್ಯಾಹ್ನದ ರೈಲಿಗೆ ಬರುತ್ತೇನೆ. ಗಿರಣಿಯಲ್ಲಿ ಮೂರು ದಿನ ರಜೆ ಕೇಳಿದೆ. ಯಾಕೆ ಎಂದರು. ಗಂಡನ ಸಮಾಧಿಗೆ ಹೋಗಬೇಕು ಎಂದೆ. ಮೇಸ್ತ್ರಿ ನನ್ನನ್ನೇ ನೋಡಿದ. ಹತ್ತೊಂಬತ್ತು ವರ್ಷ ಅವನಿಗೂ ಜ್ವರ ಎಂದೇ ಹೇಳಿದ್ದೆ.

ನಿನ್ನ ಸಾಮಾನು ಕಟ್ಟಿಟ್ಟಿರು. ಅದನ್ನು ನನ್ನ ಜೊತೆ ರೈಲಿಗೆ ಹಾಕಬೇಕೋ, ಮತ್ತೆ ಬಿಚ್ಚಿ ಗೂಡಿನಲ್ಲಿ ಜೋಡಿಸಬೇಕೋ ಎಂಬುದನ್ನು ಆ ಜಾಗ ನೋಡಿ ಬಂದ ಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ನನಗೂ ಗೊತ್ತಾಗುವುದಿಲ್ಲ. ನೀನು ಏನು ಮಾಡಿದರೂ ಹೆದರಿಕೆಯಿಂದ ಮಾಡಬಾರದು, ನಾನು ಮಾಡಿದ್ದೆಲ್ಲ ಅದರಿಂದಲೇ.

ನಿಲ್ದಾಣಕ್ಕೆ ಬೇರೆ ಯಾರೂ ಬರುವುದು ಬೇಡ. ನೀನೂ ಬರಬೇಡ, ಕೆಸರಿನಲ್ಲಿ ಕುಲುಕುತ್ತದೆ. ಆ ಮುದುಕರೇ ಗಾಡಿ ತರಲಿ. ನಿಲ್ದಾಣದಿಂದ ನೇರ ದಿಬ್ಬಕ್ಕೆ ಹೋಗೋಣ ಎಂದು ಅವರಿಗೆ ತಿಳಿಸು. ದಾರಿಯಲ್ಲಿ ಅವರು ಏನೂ ಮಾತಾಡಬೇಕಾಗಿಲ್ಲ.

ನಾನು ಅವರ ಬೆನ್ನ ಹಿಂದೆ ಕೂರುತ್ತೇನೆ.

ನಿನ್ನ ಅಮ್ಮ
ಎಡ್ಲಾ